ನಿಮ್ಮ ಪ್ರಶ್ನೆ, ನನ್ನ ಉತ್ತರ: ತೈಲಬಾವಿಯ ವಾಲ್ವು, ಸೀಲು

ಹೋದ ಸಂಚಿಕೆಯಲ್ಲಿ ತೈಲಬಾವಿಯ ಬಾಯಿಗೆ ಕೂರಿಸುವ ವಾಲ್ವುಗಳ ಬಗ್ಗೆ ನಾಲ್ಕು ಮಾತು ಬರೆದಿದ್ದೆ. ಪತ್ರಗಳು ನಾನು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಬಂದವು. ಕೆಲವನ್ನು ಆರಿಸಿಕೊಂಡಿದ್ದೇನೆ. ವೆಲ್‌ಹೆಡ್ ರಿಪೇರಿ, ಪ್ರೆಶರ್ ಟೆಸ್ಟ್ ಇವೇ ನನ್ನ ಕಸುಬು. ಹಾಗಾಗಿ ಪುಸ್ತಕದ ಮಾತಿಗಿಂತ ಗ್ರೀಸ್ ಮೆತ್ತಿದ ಮಾತೇ ಜಾಸ್ತಿ ಬರುತ್ತದೆ, ಸಹಿಸಿಕೊಳ್ಳಿ.

ಪ್ರಶ್ನೆ: ಸರ್, ನಾನು ಮೆಕ್ಯಾನಿಕಲ್ ಡಿಪ್ಲೊಮಾ ವಿದ್ಯಾರ್ಥಿ. 10,000 ಪಿಎಸ್‌ಐ ವಾಲ್ವಿನ ಡ್ರಾಯಿಂಗ್‌ನಲ್ಲಿ ಓ-ರಿಂಗ್ ನೋಡಿದೆ. ಬೆರಳಲ್ಲಿ ಒತ್ತಿದರೆ ಬಗ್ಗುವ ರಬ್ಬರ್ ಅಷ್ಟು ಒತ್ತಡಕ್ಕೆ ಹರಿದುಹೋಗುವುದಿಲ್ಲವೇ?

ಒಳ್ಳೆಯ ಪ್ರಶ್ನೆ. 10,000 ಪಿಎಸ್‌ಐ ಅಂದರೆ ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಸುಮಾರು 700 ಕಿಲೋ ಭಾರ. ಆದರೆ ಆ ಭಾರ ಹೊರುವುದು ರಬ್ಬರ್ ಅಲ್ಲ, ಸ್ಟೀಲು. ರಬ್ಬರ್ ಮಾಡುವುದು ಸಂದು ಮುಚ್ಚುವ ಕೆಲಸ, ಅಷ್ಟೇ.

ರಿಂಗ್ ಕೂರುವ ಗ್ರೂವ್ ನೋಡಿ. ಅದರ ಆಳ ರಿಂಗಿನ ದಪ್ಪಕ್ಕಿಂತ ಸ್ವಲ್ಪ ಕಡಿಮೆ. ಜೋಡಿಸಿದಾಗಲೇ ರಿಂಗು ತನ್ನ ದಪ್ಪದಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತೈದರಷ್ಟು ಅದುಮಿಕೊಂಡಿರುತ್ತದೆ. ಆಮೇಲೆ ಒತ್ತಡ ಬಂತು ಅಂದರೆ ಅದು ರಿಂಗನ್ನು ಗ್ರೂವ್‌ನ ಆಚೆ ಗೋಡೆಗೆ ತಳ್ಳುತ್ತದೆ. ರಬ್ಬರ್ ಕುಗ್ಗಿ ಚಿಕ್ಕದಾಗುವ ಪದಾರ್ಥ ಅಲ್ಲ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬುತ್ತದೆ. ಹಾಗಾಗಿ ಒತ್ತಡ ಏರಿದಷ್ಟೂ ರಿಂಗು ಗೋಡೆಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ನಾವು ಯಾವುದನ್ನು ತಡೆಯಬೇಕೋ ಅದರ ಕೈಯಲ್ಲೇ ಕೆಲಸ ಮಾಡಿಸಿಕೊಳ್ಳುತ್ತೇವೆ. ನೀಲ್ಸ್ ಕ್ರಿಸ್ಟೆನ್ಸೆನ್ ಎಂಬ ಡೆನ್ಮಾರ್ಕ್ ಮೂಲದವರಿಗೆ 1939ರಲ್ಲಿ ಈ ರಿಂಗಿಗೆ ಪೇಟೆಂಟ್ ಸಿಕ್ಕಿತು. ಇಷ್ಟು ಕಡಿಮೆ ಸಾಮಾನಿನಲ್ಲಿ ಇಷ್ಟು ದೊಡ್ಡ ಕೆಲಸ ಮಾಡಿಸಿದ ಇನ್ನೊಂದು ವಸ್ತು ನನ್ನ ಕಸುಬಿನಲ್ಲಂತೂ ಇಲ್ಲ.

ನೀವು ಹೇಳಿದ ಹರಿಯುವ ಭಯ ಸುಳ್ಳಲ್ಲ. ಎರಡು ಸ್ಟೀಲಿನ ಭಾಗಗಳ ನಡುವೆ ಕೂದಲೆಳೆಯಷ್ಟು ಸಂದು ಇದ್ದೇ ಇರುತ್ತದೆ. ಒತ್ತಡ ಜಾಸ್ತಿಯಾದರೆ ರಬ್ಬರ್ ಅದರೊಳಗೆ ಹಿಸುಕಿಕೊಂಡು ನುಗ್ಗಿ ಚೂರುಚೂರಾಗುತ್ತದೆ. ಸುಮಾರು 1,500 ಪಿಎಸ್‌ಐ ದಾಟಿದರೆ ಪಕ್ಕದಲ್ಲಿ ಟೆಫ್ಲಾನ್ ಅಥವಾ ಪೀಕ್ ಪ್ಲಾಸ್ಟಿಕ್ಕಿನ ಬ್ಯಾಕಪ್ ರಿಂಗ್ ಕೂರಿಸಿ ಸಂದು ಮುಚ್ಚುವುದು ಇದಕ್ಕೇ. ರಬ್ಬರ್ ಕೂಡ ಗಟ್ಟಿ ಜಾತಿಯದು ಬೇಕು. ಗಡಸುತನದ ಅಳತೆಯಲ್ಲಿ ಸಾಮಾನ್ಯ ರಿಂಗು 70 ಶೋರ್ ಆದರೆ ಇಲ್ಲಿ 90.

ಇನ್ನೊಂದು ಶತ್ರು ಇದೆ, ಕಾಲೇಜಿನಲ್ಲಿ ಹೇಳುವುದು ಕಡಿಮೆ. ಗ್ಯಾಸ್ ಬಾವಿಯಲ್ಲಿ ಗ್ಯಾಸು ನಿಧಾನವಾಗಿ ರಬ್ಬರಿನೊಳಗೇ ಇಳಿದು ಕೂರುತ್ತದೆ. ಒತ್ತಡವನ್ನು ದಿಢೀರನೆ ಬಿಟ್ಟರೆ ಒಳಗಿದ್ದ ಗ್ಯಾಸಿಗೆ ಹೊರಬರಲು ಪುರುಸೊತ್ತಿಲ್ಲ, ಅಲ್ಲೇ ಹಿಗ್ಗುತ್ತದೆ. ಹಾಗೆ ಕೆಟ್ಟ ರಿಂಗ್ ಬಿಚ್ಚಿದಾಗ ಹೊರಗೆ ಅಲ್ಲಲ್ಲಿ ಗುಳ್ಳೆ ಎದ್ದಿರುತ್ತದೆ, ಕೆಲವು ಸಲ ಅದೂ ಇರುವುದಿಲ್ಲ. ಬ್ಲೇಡಿನಲ್ಲಿ ಅಡ್ಡಕ್ಕೆ ಕತ್ತರಿಸಿ ನೋಡಿ. ನಡುವಿನಿಂದ ಅಂಚಿನ ಕಡೆಗೆ ಸೀಳುಗಳು ಹರಿದಿರುತ್ತವೆ. ಗುಳ್ಳೆ ಇಲ್ಲದ ಕಡೆ ಹೊರಗಿನ ಚರ್ಮ ಮಾತ್ರ ಹೊಚ್ಚ ಹೊಸದರಂತೆ ಮಿರಿಮಿರಿ. ಆದ್ದರಿಂದ ಗ್ಯಾಸ್ ಲೈನಿನ ಒತ್ತಡ ಇಳಿಸುವಾಗ ಅವಸರ ಮಾಡಬಾರದು.

ರಬ್ಬರಿನ ಆಯ್ಕೆಯೇ ಒಂದು ದೊಡ್ಡ ವಿಷಯ. ನೈಟ್ರೈಲ್ ಅಗ್ಗ, ಎಣ್ಣೆಗೆ ಜಗ್ಗುವುದಿಲ್ಲ. ಆದರೆ ಹೈಡ್ರೋಜನ್ ಸಲ್ಫೈಡ್ ಸಿಕ್ಕರೆ ಗಡುಸಾಗಿ ಬಿರುಕು ಬಿಡುತ್ತದೆ. ವೈಟಾನ್ ಬಿಸಿ ತಡೆಯುತ್ತದೆ, ಆದರೆ ತುಕ್ಕು ಹಿಡಿಯದಿರಲಿ ಅಂತ ಬಾವಿಗೆ ಸುರಿಯುವ ಅಮೈನ್ ರಾಸಾಯನಿಕ ಅದನ್ನು ತಿಂದುಹಾಕುತ್ತದೆ. ಅಫ್ಲಾಸ್ ಎರಡನ್ನೂ ತಾಳಿಕೊಳ್ಳುತ್ತದೆ, ಚಳಿಯಲ್ಲಿ ಮಾತ್ರ ಮರದಂತೆ ಬಿಗಿಯುತ್ತದೆ. ಎಲ್ಲದಕ್ಕೂ ಆಗುವ ಒಂದು ರಬ್ಬರ್ ಹೆಸರು ಯಾರಾದರೂ ಹೇಳಿದರೆ ಅವರು ಮಾರಾಟ ವಿಭಾಗದವರು ಅಂತ ತಿಳಿದುಕೊಳ್ಳಿ.

ಪ್ರಶ್ನೆ: ಡ್ರಿಲ್ಲಿಂಗ್ ರಿಗ್‌ನಲ್ಲಿ ಹೊಸದಾಗಿ ಸೇರಿದ್ದೇನೆ. ಬಿಒಪಿ ಟೆಸ್ಟ್ ಮಾಡುವಾಗ ಮೊದಲು 300 ಪಿಎಸ್‌ಐ, ಆಮೇಲೆ 10,000. ದೊಡ್ಡದನ್ನು ತಡೆದರೆ ಚಿಕ್ಕದನ್ನು ತಡೆದೇ ತಡೆಯುತ್ತದೆ, ಅಲ್ವಾ? ಸುಮ್ನೆ ಹೊತ್ತು ಹಾಳು ಅನಿಸುತ್ತದೆ.

ಇಲ್ಲ. ಈ ಅಂಕಣದಲ್ಲಿ ನಾನು ಒಂದೇ ಒಂದು ವಿಷಯಕ್ಕೆ ಹಟ ಹಿಡಿಯುವುದಿದ್ದರೆ ಅದು ಇದಕ್ಕೆ.

ಬಿಒಪಿ ಅಂದರೆ ಬ್ಲೋಔಟ್ ಪ್ರಿವೆಂಟರ್. ಕೊರೆಯುವಾಗ ಬಾವಿ ಉಕ್ಕಿದರೆ ಪೈಪಿನ ಸುತ್ತ ಮುಚ್ಚಿ ಹಿಡಿಯುವ, ಬೇಕಾದರೆ ಪೈಪನ್ನೇ ಕತ್ತರಿಸುವ ಯಂತ್ರ. 1901ರ ಜನವರಿಯಲ್ಲಿ ಟೆಕ್ಸಾಸಿನ ಸ್ಪಿಂಡಲ್‌ಟಾಪ್ ಬಾವಿ ಉಕ್ಕಿದಾಗ ಅಂಥದ್ದು ಇರಲಿಲ್ಲ. ಮುಚ್ಚುವ ಹೊತ್ತಿಗೆ ಒಂಬತ್ತು ದಿನ ಆಗಿತ್ತು. 1922ರಲ್ಲಿ ಜೇಮ್ಸ್ ಅಬರ್‌ಕ್ರೋಂಬಿ ಮತ್ತು ಹ್ಯಾರಿ ಕ್ಯಾಮರಾನ್ ಎರಡು ಕಡೆಯಿಂದ ಬಂದು ಅಪ್ಪಿಕೊಳ್ಳುವ ರ‍್ಯಾಮ್ ಮಾದರಿ ತಂದರು. ಇವತ್ತಿನ ರ‍್ಯಾಮ್ ಎಷ್ಟೋ ದೊಡ್ಡದಿರಬಹುದು, ಉಪಾಯ ಅದೇ.

ರ‍್ಯಾಮಿನ ತುದಿಯಲ್ಲಿರುವುದೂ ರಬ್ಬರೇ. ಮೇಲಿನ ಉತ್ತರ ಓದಿದ್ದರೆ ನಿಮಗೇ ಹೊಳೆದಿರಬೇಕು. 10,000ದಲ್ಲಿ ಒತ್ತಡವೇ ರಬ್ಬರನ್ನು ಅದುಮಿ ಹಿಡಿಯುತ್ತದೆ. 300ರಲ್ಲಿ ಆ ಸಹಾಯ ಇಲ್ಲ. ಆಗ ಸೀಲು ತನ್ನ ಸ್ವಂತ ಬಲದಲ್ಲಿ ನಿಲ್ಲಬೇಕು. ಸವೆದ ಅಂಚು, ಗೀರು, ನಡುವೆ ಸಿಕ್ಕ ಮರಳಿನ ಕಣ ಎಲ್ಲ ಆಗ ಬಯಲಾಗುತ್ತದೆ.

ಅದಕ್ಕೇ ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐಯ 53ನೇ ನಿಯಮ ಕಡಿಮೆ ಒತ್ತಡದ ಟೆಸ್ಟನ್ನು 250ರಿಂದ 350 ಪಿಎಸ್‌ಐ ನಡುವೆ, ಮೊದಲು ಮಾಡಿ ಅನ್ನುತ್ತದೆ. ಇಲ್ಲಿ ಒಂದು ಕಳ್ಳಾಟ ನಡೆಯುತ್ತದೆ. ಪಂಪು ಜೋರಾಗಿ ಬಂದು ಗೇಜಿನ ಮುಳ್ಳು 700ಕ್ಕೆ ಹಾರುತ್ತದೆ. ಹುಡುಗರು ಮೆಲ್ಲಗೆ ಒತ್ತಡ ಬಿಟ್ಟು 300ಕ್ಕೆ ತಂದು ನಿಲ್ಲಿಸುತ್ತಾರೆ. ಮುಳ್ಳು ಬಣ್ಣ ಬಳಿದಂತೆ ಅಲ್ಲಾಡದೆ ನಿಲ್ಲುತ್ತದೆ. ನಿಲ್ಲದೆ ಏನು? 700 ಬಂದು ಸೀಲನ್ನು ಆಗಲೇ ಕೂರಿಸಿ ಹೋಗಿದೆ! 500 ದಾಟಿದರೆ ಸೊನ್ನೆಗೆ ಇಳಿಸಿ ಮೊದಲಿನಿಂದ ಶುರು ಮಾಡಬೇಕು ಅಂತ ನಿಯಮದಲ್ಲೇ ಇದೆ. ನಾನು ಸೊನ್ನೆಗೆ ಇಳಿಸಿ ಅಂದಾಗ ಬೆನ್ನ ಹಿಂದೆ ಬೈದುಕೊಂಡಿದ್ದು ಎಷ್ಟೋ ಸಲ ಕಿವಿಗೆ ಬಿದ್ದಿದೆ. ಬೈದುಕೊಳ್ಳಲಿ.

ಗೇಜನ್ನೂ ನೋಡಿಕೊಳ್ಳಿ. 15,000 ಪಿಎಸ್‌ಐ ಗೇಜಿನಲ್ಲಿ 300 ಅಂದರೆ ಮುಳ್ಳು ಮಿಸುಕಿದಂತೆಯೂ ಕಾಣುವುದಿಲ್ಲ. ಕಡಿಮೆ ಒತ್ತಡಕ್ಕೆ ಬೇರೆ ಚಿಕ್ಕ ಗೇಜು ಹಾಕಿಸಿ.

ಪ್ರಶ್ನೆ: ನನ್ನ ಮಗ ಕಡಲಿನ ತೈಲಬಾವಿ ಕೆಲಸಕ್ಕೆ ಸೇರಿದ್ದಾನೆ. ಹಡಗು ಬಂದು ಗುದ್ದಿ ಮೇಲಿನ ವಾಲ್ವುಗಳೆಲ್ಲ ಮುರಿದುಬಿದ್ದರೆ ಏನು ಗತಿ ಅಂತ ಕೇಳಿದೆ. ‘ಕೆಳಗೊಂದು ಇದೆ, ಬಿಡಮ್ಮ’ ಅಂದ. ಏನದು?

ನಿಮ್ಮ ಮಗ ಸರಿಯಾಗಿಯೇ ಹೇಳಿದ್ದಾನೆ ಅಮ್ಮ, ಅರ್ಧಕ್ಕೆ ನಿಲ್ಲಿಸಿದ್ದಾನೆ ಅಷ್ಟೇ.

ಕಡಲ ತಳಕ್ಕಿಂತಲೂ ಕೆಳಗೆ, ಎಣ್ಣೆ ಮೇಲೆ ಬರುವ ಟ್ಯೂಬಿಂಗ್ ಪೈಪಿನಲ್ಲೇ ಒಂದು ಸೇಫ್ಟಿ ವಾಲ್ವು ಇರುತ್ತದೆ. ಒಳಗೆ ಕೀಲಿನ ಮೇಲೆ ತಿರುಗುವ ದುಂಡು ಮುಚ್ಚಳ, ಅದಕ್ಕೆ ಫ್ಲ್ಯಾಪರ್ ಅನ್ನುತ್ತೇವೆ. ಮೇಲಿನಿಂದ ಕಾಲು ಇಂಚಿನ ಸಣ್ಣ ಕೊಳವೆಯೊಂದು ಟ್ಯೂಬಿಂಗ್‌ಗೆ ಒತ್ತಿಕೊಂಡು ಅಲ್ಲಿಯವರೆಗೂ ಇಳಿದಿರುತ್ತದೆ. ಅದರಲ್ಲಿ ಹೈಡ್ರಾಲಿಕ್ ಎಣ್ಣೆಯ ಒತ್ತಡ ಇರುವವರೆಗೆ ಒಂದು ಒಳತೋಳು ಕೆಳಗಿಳಿದು ಮುಚ್ಚಳವನ್ನು ಪಕ್ಕಕ್ಕೆ ತಳ್ಳಿ ಹಿಡಿದಿರುತ್ತದೆ. ಒತ್ತಡ ಹೋಯಿತೋ, ಬಲವಾದ ಸ್ಪ್ರಿಂಗ್ ಆ ತೋಳನ್ನು ಮೇಲಕ್ಕೆತ್ತುತ್ತದೆ. ಫ್ಲ್ಯಾಪರ್ ಪಟ್ ಅಂತ ಮುಚ್ಚುತ್ತದೆ. ಕೆಳಗಿನಿಂದ ಬರುವ ಒತ್ತಡವೇ ಅದನ್ನು ಒತ್ತಿ ಹಿಡಿಯುತ್ತದೆ.

ಮುಚ್ಚುವುದಕ್ಕೆ ಯಾರೂ ಏನೂ ಮಾಡಬೇಕಿಲ್ಲ, ಗಮನಿಸಿ. ತೆರೆದಿಡುವುದಕ್ಕೆ ಕೆಲಸ ಬೇಕು, ಮುಚ್ಚುವುದು ತಾನಾಗಿಯೇ. ಮೇಲಿನದೆಲ್ಲ ಮುರಿದುಬಿದ್ದರೆ ಆ ಸಣ್ಣ ಕೊಳವೆಯೂ ತುಂಡಾಗುತ್ತದೆ, ತುಂಡಾದದ್ದೇ ಮುಚ್ಚುವ ಸನ್ನೆ.

ಆದರೆ ಮೇಣ, ಗಸಿ, ಮರಳು ಕೂತರೆ ಮುಚ್ಚಳ ಬಿಗಿಯಬಹುದು. ಹಾಗಾಗಿ ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಮುಚ್ಚಿ ಪರೀಕ್ಷೆ ಮಾಡುತ್ತಾರೆ. ಮುಂದಿನ ಸಲ ಫೋನ್ ಮಾಡಿದಾಗ ‘ಕೊನೇ ಟೆಸ್ಟ್ ಯಾವಾಗ ಆಯ್ತು ಮಗ?’ ಅಂತ ಕೇಳಿ ನೋಡಿ. ಬೆಚ್ಚಿಬೀಳುತ್ತಾನೆ.

ಪ್ರಶ್ನೆ: ಗೇಟ್ ವಾಲ್ವನ್ನು ಅರ್ಧ ತೆರೆದು ಹರಿವು ಕಡಿಮೆ ಮಾಡಬಹುದೇ?

ಬೇಡ. ಮರಳು ಬೆರೆತ ಹರಿವು ಆ ಕಿಂಡಿಯಲ್ಲಿ ನುಗ್ಗಿ ಗೇಟಿನ ಅಂಚು, ಗೇಟು ಒತ್ತಿ ಕೂರುವ ಸೀಟು ಎರಡನ್ನೂ ಕೊರೆಯುತ್ತದೆ. ಆಮೇಲೆ ಅದು ಮುಚ್ಚಿದರೂ ಮುಚ್ಚಿದಂತಲ್ಲ. ಹರಿವು ಹಿಡಿಯಲು ಚೋಕ್ ಇದೆ, ಸವೆತ ತಡೆಯಲೆಂದೇ ಟಂಗ್‌ಸ್ಟನ್ ಕಾರ್ಬೈಡ್ ಹಾಕಿ ಮಾಡಿದ್ದು.

ಪ್ರಶ್ನೆ: ನಮ್ಮ ಸೂಪರ್‌ವೈಸರ್ ಗೇಟ್ ವಾಲ್ವು ಪೂರ್ತಿ ಮುಚ್ಚಿದ ಮೇಲೆ ಕಾಲು ಸುತ್ತು ಹಿಂದಕ್ಕೆ ತಿರುಗಿಸು ಅನ್ನುತ್ತಾರೆ. ಬಿಗಿ ಮಾಡಿದ್ದನ್ನು ಸಡಿಲ ಮಾಡಿದರೆ ಸೋರುವುದಿಲ್ಲವೇ?

ನಿಮ್ಮದು ಸ್ಲ್ಯಾಬ್ ಗೇಟ್, ಅಂದರೆ ಒಂದೇ ತುಂಡಿನ ಗೇಟ್ ಆದರೆ ಅವರ ಮಾತು ಸರಿ. ಆ ಗೇಟು ಎರಡು ಸೀಟುಗಳ ನಡುವೆ ಅತ್ತಿತ್ತ ಸ್ವಲ್ಪ ಜರುಗುವಂತೆ ಇರುತ್ತದೆ. ಎರಡೂವರೆ ಇಂಚು ಚಿಲ್ಲರೆ ಬೋರಿನ ವಾಲ್ವಿಗೆ 5,000 ಪಿಎಸ್‌ಐ ಬಂದರೆ ಗೇಟಿನ ಮೇಲೆ ಹನ್ನೊಂದು ಟನ್ನಿಗೂ ಮೀರಿದ ಭಾರ. ಅದು ಗೇಟನ್ನು ಆಚೆ ಸೀಟಿಗೆ ಒತ್ತಿ ಮುಚ್ಚುತ್ತದೆ. ನಿಮ್ಮ ತೋಳಬಲ ಅಲ್ಲಿ ಯಾವ ಲೆಕ್ಕ? ಜೋರು ಮಾಡಿ ತಿರುಗಿಸಿದರೆ ಗೇಟು ತಳದಲ್ಲಿ ಸಿಕ್ಕಿಹಾಕಿಕೊಂಡು ಸೀಟಿಗೆ ಸರಿಯಾಗಿ ಕೂರುವುದಿಲ್ಲ. ಕಾಲು ಸುತ್ತು ಬಿಟ್ಟರೆ ಅದಕ್ಕೆ ಜರುಗಲು ಜಾಗ ಸಿಗುತ್ತದೆ.

ಎಕ್ಸ್‌ಪ್ಯಾಂಡಿಂಗ್ ಗೇಟ್ ಆದರೆ ಪೂರ್ತಿ ಉಲ್ಟಾ. ಅದು ಎರಡು ತುಂಡಿನ ಗೇಟು. ಬಿಗಿದಾಗ ತುಂಡುಗಳು ಒಂದರ ಮೇಲೊಂದು ಜಾರಿ ಅಗಲವಾಗುತ್ತವೆ. ಹಿಂದಕ್ಕೆ ತಿರುಗಿಸಿದರೆ ಸೀಲೇ ಹೋಯಿತು. ಯಾವ ಜಾತಿ ಅಂತ ಹೊರಗಿನಿಂದ ಊಹಿಸಬೇಡಿ, ನೇಮ್‌ಪ್ಲೇಟ್ ಉಜ್ಜಿ ಓದಿ.

ಸುತ್ತು ಎಣಿಸುವ ಅಭ್ಯಾಸವನ್ನೂ ಮಾಡಿಕೊಳ್ಳಿ. ತಯಾರಕರು ಹದಿಮೂರೂವರೆ ಸುತ್ತು ಅಂತ ಕೊಟ್ಟಿದ್ದರೆ, ಹನ್ನೊಂದಕ್ಕೇ ಹ್ಯಾಂಡ್‌ವೀಲ್ ನಿಂತರೆ ಅದು ಮುಚ್ಚಿಲ್ಲ. ಒಳಗೆ ಗ್ರೀಸ್ ಗಟ್ಟಿಯಾಗಿದೆ ಅಥವಾ ಬಾವಿಗೆ ಉಪಕರಣ ಇಳಿಸುವ ತಂತಿ, ಅಂದರೆ ವೈರ್‌ಲೈನ್ ಅಡ್ಡ ಸಿಕ್ಕಿದೆ. ಹಾಗೆಯೇ, ಬಾವಿ ನಿಲ್ಲಿಸುವಾಗ ಮೊದಲು ಎಣ್ಣೆ ಹೊರಹೋಗುವ ಪಕ್ಕದ ವಿಂಗ್ ವಾಲ್ವು, ಆಮೇಲೆ ಬಾವಿಯ ನೇರ ಮೇಲಿರುವ ಮಾಸ್ಟರ್ ವಾಲ್ವು. ತೀರಾ ಕೆಳಗಿನ ಲೋವರ್ ಮಾಸ್ಟರನ್ನು ದಿನದ ಕೆಲಸಕ್ಕೆ ಮುಟ್ಟಲೇಬೇಡಿ. ಅದು ಕೆಟ್ಟರೆ, ಬಾವಿಗೆ ಪ್ಲಗ್ ಹಾಕಿಯೋ ಭಾರದ ದ್ರವ ತುಂಬಿ ‘ಕಿಲ್’ ಮಾಡಿಯೋ ಆ ವಾಲ್ವನ್ನು ಬದಲಿಸಬೇಕಾಗುತ್ತದೆ.

ಪ್ರಶ್ನೆ: 2010ರಲ್ಲಿ ಮೆಕ್ಸಿಕೋ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ರಿಗ್ ಸ್ಫೋಟಿಸಿದಾಗ ಬಿಒಪಿ ಇತ್ತಂತೆ. ಪೈಪು ಕತ್ತರಿಸುವ ರ‍್ಯಾಮೂ ಇತ್ತಂತೆ. ಮತ್ತೇಕೆ ನಿಲ್ಲಲಿಲ್ಲ?

ಏಪ್ರಿಲ್ 20ರ ರಾತ್ರಿಯ ಘಟನೆ. ಹನ್ನೊಂದು ಜನ ಸತ್ತರು. ಬಾವಿ ಮುಚ್ಚಿದ್ದು ಜುಲೈ 15ಕ್ಕೆ. ಆಮೇಲೆ ಬಿಒಪಿಯನ್ನು ಮೇಲೆತ್ತಿ ನೋಡಿದಾಗ ಡ್ರಿಲ್ ಪೈಪು ಒಳಗೆ ಬಾಗಿ ಒಂದು ಪಕ್ಕಕ್ಕೆ ಸರಿದಿದ್ದು ಕಂಡಿತು. ಬ್ಲೇಡುಗಳ ಅಂಚಿನಿಂದ ಒಂದು ಭಾಗ ಹೊರಗೆ ಉಳಿದು, ರ‍್ಯಾಮ್ ಪೂರ್ತಿ ಕೂಡಲಾಗಲಿಲ್ಲ. ಬಿಒಪಿಯನ್ನು ನಡೆಸುವ ಕಂಟ್ರೋಲ್ ಪಾಡ್‌ಗಳಲ್ಲೂ ವೈರಿಂಗ್ ತಪ್ಪು, ಬ್ಯಾಟರಿ ದೋಷ ಸಿಕ್ಕಿತು.

ಎಲ್ಲರೂ ಬಿಒಪಿಯನ್ನೇ ಬೈಯುತ್ತಾರೆ. ನನ್ನ ಮಟ್ಟಿಗೆ ಕಥೆ ಅದಕ್ಕಿಂತ ಮೊದಲೇ ಕೆಟ್ಟಿತ್ತು. ಬಾವಿಯ ತಳದಲ್ಲಿ ಹಾಕಿದ ಸಿಮೆಂಟೂ ಒಂದು ಸೀಲೇ. ಅದು ನಿಂತಿದೆಯೇ ಅಂತ ನೋಡಲು ಮೇಲಿನ ಒತ್ತಡ ಇಳಿಸಿ ನೆಗೆಟಿವ್ ಟೆಸ್ಟ್ ಮಾಡಿದರು. ಡ್ರಿಲ್ ಪೈಪಿನಲ್ಲಿ 1,400 ಪಿಎಸ್‌ಐ ತೋರಿಸುತ್ತಿತ್ತು. ಸೀಲು ಸರಿಯಿದ್ದರೆ ಅಲ್ಲಿ ಸೊನ್ನೆ ಇರಬೇಕಿತ್ತು. ಪಕ್ಕದ ಸಣ್ಣ ಪೈಪು ಕಿಲ್ ಲೈನಿನಲ್ಲಿ ಹರಿವಿಲ್ಲ ಅಂತ ಅದನ್ನೇ ನಂಬಿ ಟೆಸ್ಟ್ ಪಾಸ್ ಅಂದುಬಿಟ್ಟರು. ಎರಡು ಗೇಜು ಎರಡು ಮಾತು ಹೇಳಿದಾಗ ನಮಗೆ ಬೇಕಾದ್ದನ್ನು ಹೇಳುವ ಗೇಜನ್ನು ನಂಬುವುದು ಎಷ್ಟು ಸುಲಭ ಅಂತ ನನಗೂ ಗೊತ್ತು.

ಪ್ರಶ್ನೆ: ನಾನು ನಿವೃತ್ತ ವಿಜ್ಞಾನ ಮೇಷ್ಟ್ರು. ಒಂದು ಹನಿಯೂ ಸೋರದ ವಾಲ್ವು ನಿಜವಾಗಿ ಇದೆಯೇ?

ಕಾರ್ಖಾನೆಯಲ್ಲಿ ನೀರು ತುಂಬಿ ಪರೀಕ್ಷಿಸುವಾಗ ಹೊಸ ವಾಲ್ವಿನಲ್ಲಿ ಕಣ್ಣಿಗೆ ಕಾಣುವ ಸೋರಿಕೆ ಇರಬಾರದು. ಬಾವಿಯೊಳಗೆ ಕೂತು ವರ್ಷಗಟ್ಟಲೆ ಮರಳು ತಿಂದ ಸೇಫ್ಟಿ ವಾಲ್ವಿಗೆ ಅಷ್ಟು ಕಟ್ಟುನಿಟ್ಟು ಸಾಧ್ಯವಿಲ್ಲ, ಸರ್. ಎಪಿಐ 14ಬಿ ಪ್ರಕಾರ ನಿಮಿಷಕ್ಕೆ 400 ಸಿಸಿ ದ್ರವ, ಅಥವಾ 15 ಘನ ಅಡಿ ಗ್ಯಾಸಿನವರೆಗೆ ಪರವಾಗಿಲ್ಲ. ಕೇಳಿದರೆ ಜಾಸ್ತಿ ಅನಿಸುತ್ತದೆ. ಆದರೆ ಆ ವಾಲ್ವಿನ ಕೆಲಸ ಮಹಾಪೂರ ತಡೆಯುವುದು. ನಾನು ಅಂಕಿಗಿಂತ ಅದರ ನಡೆ ನೋಡುತ್ತಿದ್ದೆ. ಹೋದ ಸಲ 50 ಸಿಸಿ, ಈ ಸಲ 250 ಅಂದರೆ ನಿಯಮದ ಲೆಕ್ಕದಲ್ಲಿ ಪಾಸೇ. ಆದರೂ ಅಂಥ ಬಾವಿಯ ಫೈಲನ್ನು ನಾನು ಕಪಾಟಿಗೆ ಹಾಕದೆ ಮೇಜಿನ ಮೇಲೇ ಇಟ್ಟುಕೊಳ್ಳುತ್ತಿದ್ದೆ.

ಪ್ರಶ್ನೆ: ಪೈಪು ಜೋಡಿಸುವ ಫ್ಲ್ಯಾಂಜ್ ಬಿಚ್ಚಿದಾಗ ಸಿಕ್ಕ ಸ್ಟೀಲಿನ ರಿಂಗ್ ಗ್ಯಾಸ್ಕೆಟ್ ಒಂದು ಗೀರೂ ಇಲ್ಲದೆ ಫಳಫಳ ಅನ್ನುತ್ತಿದೆ. ಒರೆಸಿ ಮತ್ತೆ ಹಾಕಬಹುದೇ?

ಖಂಡಿತ ಬೇಡ. ಆ ರಿಂಗು ಗ್ರೂವ್‌ನ ಲೋಹಕ್ಕಿಂತ ಮೆತ್ತಗಿರುತ್ತದೆ. ಬೋಲ್ಟ್ ಬಿಗಿದಾಗ ತಾನು ಅದುಮಿಕೊಂಡು ಆ ಗ್ರೂವ್‌ನ ಆಕಾರ ತಾಳಲಿ ಅಂತಲೇ ಹಾಗೆ ಮಾಡಿರುತ್ತಾರೆ. ಒಮ್ಮೆ ಅದುಮಿಕೊಂಡದ್ದು ಮತ್ತೆ ಉಬ್ಬಿ ಬರುವುದಿಲ್ಲ. ಹೊಸ ರಿಂಗು ಹಾಕುವ ಮೊದಲು ಗ್ರೂವ್ ಒರೆಸಿ, ಉಗುರನ್ನು ಸುತ್ತಲೂ ಎಳೆದು ನೋಡಿ. ಉಗುರು ಎಲ್ಲಾದರೂ ತಡೆದರೆ ಅಲ್ಲೇ ನಿಲ್ಲಿಸಿ. ಹಳೆಯ ರಿಂಗನ್ನು ಮಾತ್ರ ಸುಮ್ನೆ ಮೂಲೆಯಲ್ಲಿ ಇಡಬೇಡಿ. ಗರಗಸ ಹಾಕಿ ಎರಡು ತುಂಡು ಮಾಡಿಯೇ ಎಸೆಯಿರಿ. ಇಲ್ಲದಿದ್ದರೆ ರಾತ್ರಿ ಪಾಳಿಯವರು ಹೊಸದು ಅಂದುಕೊಂಡು ಅದನ್ನೇ ತಂದು ಕೂರಿಸುತ್ತಾರೆ.