ಲಿಂಕನ್ ಸೋಲಿನ ಪಟ್ಟಿ: ಫಾರ್ವರ್ಡ್ ಮಾಡೋ ಮುಂಚೆ ಇದನ್ನ ಓದಿ

ಪ್ರಶ್ನೆ: ಸರ್, ಅಬ್ರಹಾಂ ಲಿಂಕನ್ ಅಂಗಡಿ ಇಟ್ಟು ಸೋತ್ರು, ಎಲ್ಲಾ ಎಲೆಕ್ಷನ್‌ನಲ್ಲೂ ಸೋತ್ರು, ಕೊನೆಗೆ ಪ್ರೆಸಿಡೆಂಟ್ ಆದ್ರು ಅಂತ ಪಟ್ಟಿ ಬರುತ್ತಲ್ಲ, ಎಕ್ಸಾಂ ಫೇಲಾದ ಮಗನಿಗೆ ತೋರಿಸ್ಬಹುದಾ?

ಉತ್ತರ: ಬೇಡ. ವಾರಕ್ಕೆ ಎರಡು ಸಲ ಆದ್ರೂ ಈ ಪ್ರಶ್ನೆ ಬರುತ್ತೆ, ಬಂದಾಗೆಲ್ಲ ಸಿಟ್ಟು ಬರುತ್ತೆ, ಯಾಕಂದ್ರೆ ಪಟ್ಟಿ ಮಾಡಿದೋರು ಆ ಮನುಷ್ಯ ಗೆದ್ದಿದ್ದನ್ನ ಬೇಕಂತಲೇ ಬಿಟ್ಟಿದ್ದಾರೆ. 1832ರಲ್ಲಿ ಇಲಿನಾಯ್ ರಾಜ್ಯದ ಶಾಸನಸಭೆ ಎಲೆಕ್ಷನ್ ಸೋತಿದ್ದು ನಿಜ, ಆದ್ರೆ ಆಗ ವಯಸ್ಸು 23, ಮತ್ತೆ ಅವರಿದ್ದ ನ್ಯೂ ಸೇಲಂ ಊರಲ್ಲಿ ಬಿದ್ದ 300 ವೋಟಲ್ಲಿ 277 ಅವರಿಗೇ ಬಂದಿತ್ತು. 1834ರಿಂದ ಸತತ ನಾಲ್ಕು ಸಲ ಇಲಿನಾಯ್ ಶಾಸನಸಭೆಗೆ ಗೆದ್ರು. ಪಟ್ಟಿಯಲ್ಲಿ 1836ಕ್ಕೆ ‘ನರ್ವಸ್ ಬ್ರೇಕ್‌ಡೌನ್’ ಅಂತಿದೆ, ಅದೇ ವರ್ಷ ಎರಡನೇ ಸಲ ಗೆದ್ದು ವಕೀಲಿ ಲೈಸೆನ್ಸೂ ತಗೊಂಡ್ರು. ಆಮೇಲೆ ಸುಮಾರು 25 ವರ್ಷ ಲಾಯರ್‌ಗಿರಿ, ರೈಲ್ವೆ ಕಂಪನಿ ಪರವಾಗಿ ಒಂದು ಟ್ಯಾಕ್ಸ್ ಕೇಸ್ ಗೆದ್ದು 5,000 ಡಾಲರ್ ಫೀಸ್‌ಗೋಸ್ಕರ ಅದೇ ಕಂಪನಿ ಮೇಲೇ ದಾವೆ ಹಾಕಿ ವಸೂಲು ಮಾಡಿದ ವಕೀಲ ಅವರು.

ಈಗ ‘1855ರಲ್ಲಿ ಸೆನೆಟ್ ಸೋಲು’ ಅನ್ನೋದನ್ನ ನೋಡಿ. ಸೆನೆಟ್ ಅಂದ್ರೆ ಅಮೆರಿಕ ಸಂಸತ್ತಿನ ಮೇಲ್ಮನೆ, ಆಗ ಅದರ ಸದಸ್ಯರನ್ನ ಅಂದ್ರೆ ಸೆನೆಟರ್‌ನ ಆರಿಸ್ತಿದ್ದಿದ್ದು ಜನ ಅಲ್ಲ, ರಾಜ್ಯದ ಶಾಸಕರು. ಮೊದಲ ಸುತ್ತಲ್ಲಿ ಎಲ್ಲರಿಗಿಂತ ಮುಂದಿದ್ದಿದ್ದು ಲಿಂಕನ್ನೇ, ಲಿಂಕನ್ ಥರಾನೇ ಗುಲಾಮಗಿರಿ ಹಬ್ಬೋದನ್ನ ವಿರೋಧಿಸ್ತಿದ್ದ ಲೈಮನ್ ಟ್ರಂಬುಲ್‌ಗೆ ಬಿದ್ದಿದ್ದು ಬರೀ 5 ವೋಟು. ಆದ್ರೆ ಆ ಐದು ಜನ ಜಪ್ಪಯ್ಯ ಅಂದ್ರೂ ಕದಲಲಿಲ್ಲ, ಅರ್ಧಕ್ಕಿಂತ ಹೆಚ್ಚು ವೋಟು ಯಾರಿಗೂ ಸಿಗದೆ ಸುತ್ತಿನ ಮೇಲೆ ಸುತ್ತು ನಡೀತು, ಗುಲಾಮಗಿರಿ ಹೊಸ ಪ್ರಾಂತ್ಯಗಳಿಗೆ ಹಬ್ಬೋಕೆ ದಾರಿ ಮಾಡಿದ ಪಾರ್ಟಿಯ ಮ್ಯಾಟೆಸನ್ ಗೆಲುವಿನ ಹತ್ರ ಬಂದ್ಬಿಟ್ರು. ಆಗ ಲಿಂಕನ್ ತನ್ನ ಹತ್ರ ಉಳಿದಿದ್ದ 15 ಜನಕ್ಕೆ ಟ್ರಂಬುಲ್‌ಗೇ ಹಾಕಿ ಅಂದ್ರು, ಟ್ರಂಬುಲ್ 51 ವೋಟಲ್ಲಿ ಗೆದ್ರು. ಇದು ಸೋತಿದ್ದಾ, ಬಿಟ್ಟುಕೊಟ್ಟಿದ್ದಾ? ಆ ಐದು ಜನದಲ್ಲಿ ಒಬ್ಬರು ನಾರ್ಮನ್ ಜಡ್. 1860ರಲ್ಲಿ ರಿಪಬ್ಲಿಕನ್ ಪಾರ್ಟಿಯ ಶಿಕಾಗೋ ಸಮಾವೇಶದಲ್ಲಿ ಪ್ರೆಸಿಡೆಂಟ್ ಸ್ಥಾನಕ್ಕೆ ಲಿಂಕನ್ ಹೆಸರು ಸೂಚಿಸಿದ್ದು ಅದೇ ಜಡ್. ಈ ಕಥೆ ಪಟ್ಟಿಯಲ್ಲಿ ಎಲ್ಲಿದೆ ಹೇಳಿ.

ಸ್ಟೇಜ್ ಮೇಲೆ ಆ ಸೋಲಿನ ಪಟ್ಟಿಯನ್ನೇ ಉರು ಹೊಡೆದು ದುಡ್ಡು ಮಾಡೋ ಮೋಟಿವೇಶನ್ ಸ್ಪೀಕರ್‌ಗಳಿಗೆ ಮಕ್ಕಳನ್ನ ಒಪ್ಪಿಸ್ಬೇಡಿ. ಸುಮ್ನೆ ಸೋಲ್ತಾ ಇದ್ರೆ ಒಂದಿನ ತಾನಾಗೇ ಗೆಲುವು ಬರುತ್ತೆ ಅಂತ ಮಗು ನಂಬಿಬಿಡುತ್ತೆ ಅನ್ನೋದೇ ನನ್ನ ಭಯ. ಅಂಗಡಿ ಮುಳುಗಿದ ಮೇಲೆ ಪೋಸ್ಟ್‌ಮಾಸ್ಟರ್ ಕೆಲಸ, ಸರ್ವೇ ಕೆಲಸ ಮಾಡ್ಕೊಂಡು, ಬೇರೆಯವರ ಹತ್ರ ಪುಸ್ತಕ ಎರವಲು ತಂದು ಕಾನೂನು ಓದಿ, ವರ್ಷಗಟ್ಟಲೆ ಅಂಗಡಿ ಸಾಲ ತೀರಿಸಿದ್ರಲ್ಲ, ಅದನ್ನ ಹೇಳಿ ಮಗನಿಗೆ.

ಪ್ರಶ್ನೆ: ಮಗನ ಟೀಚರ್‌ಗೆ ಲಿಂಕನ್ ಬರೆದ ಪತ್ರ ಯಾವ ವರ್ಷದ್ದು?

ಉತ್ತರ: ಅವರು ಬರೆದೇ ಇಲ್ಲ, ಅವರ ಸಮಗ್ರ ಬರಹಗಳಲ್ಲಿ ಅಂಥ ಪತ್ರ ಇಲ್ಲ, ಶಾಲೆ ಗೋಡೆ ಮೇಲಿದ್ರೆ ದಯವಿಟ್ಟು ಇಳಿಸಿ.

ಪ್ರಶ್ನೆ: ಲಿಂಕನ್ ಸೆಕ್ರೆಟರಿ ಹೆಸರು ಕೆನಡಿ ಅಂತೆ?

ಉತ್ತರ: ಅಲ್ಲ. ಅವರ ಸೆಕ್ರೆಟರಿಗಳು ಜಾನ್ ನಿಕೊಲೇ ಮತ್ತು ಜಾನ್ ಹೇ.

ಪ್ರಶ್ನೆ: ಅವರ ಥರ ಕಾಲೇಜಿಗೆ ಹೋಗದೆ ನಾನೂ ವಕೀಲ ಆಗ್ಬಹುದಾ?

ಉತ್ತರ: ಇಲ್ಲಿ ಆಗಲ್ಲ, ಎಲ್‌ಎಲ್‌ಬಿ ಮಾಡಿ.