ಆಂಟಿಬಯೋಟಿಕ್‌ಗೆ ಜಗ್ಗದ ರೋಗಾಣುಗಳನ್ನು ತಡೆಯಲು ಭಾರತ ಏನು ಮಾಡಿದೆ?

ಕಾಗದದ ಮೇಲೆ ಸಾಕಷ್ಟು ಮಾಡಿದೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಜಾಗತಿಕ ಯೋಜನೆ ತಂದಿತು. ನಮ್ಮ ರಾಷ್ಟ್ರೀಯ ಯೋಜನೆ ಬಂದದ್ದು 2017ರಲ್ಲಿ. ಆದರೆ ಆರೋಗ್ಯ ರಾಜ್ಯಗಳ ಕೈಯಲ್ಲಿರುವ ವಿಷಯ, ಅಲ್ವಾ? ದೆಹಲಿಯಲ್ಲಿ ಬರೆದದ್ದು ಊರಿನ ಮೆಡಿಕಲ್ ಶಾಪ್‌ವರೆಗೆ ತಾನಾಗಿ ಬರುವುದಿಲ್ಲ.

ಅದನ್ನು ಮೊದಲು ಅರ್ಥ ಮಾಡಿಕೊಂಡದ್ದು ಕೇರಳ. 2018ರಲ್ಲೇ ತನ್ನದೇ ಯೋಜನೆ ಮಾಡಿತು, ದೇಶದಲ್ಲೇ ಮೊದಲು. 2024ರಲ್ಲಿ 'ಆಪರೇಷನ್ ಅಮೃತ್' ಹೆಸರಿನಲ್ಲಿ, ಡಾಕ್ಟರ್ ಚೀಟಿ ಇಲ್ಲದೆ ಆಂಟಿಬಯೋಟಿಕ್ ಮಾರುವ ಅಂಗಡಿಗಳ ಮೇಲೆ ದಿಢೀರ್ ತಪಾಸಣೆ ಶುರು ಮಾಡಿತು. ನಿಯಮ ಹೊಸದೇನಲ್ಲ. ಔಷಧಿ ನಿಯಮಗಳಲ್ಲಿ 'ಶೆಡ್ಯೂಲ್ ಎಚ್1' ಎಂಬ ಪಟ್ಟಿ 2014ರಿಂದಲೇ ಇದೆ: ಕೆಲವು ಪ್ರಬಲ ಆಂಟಿಬಯೋಟಿಕ್ ಮಾರಿದರೆ ಡಾಕ್ಟರ್, ರೋಗಿ, ಔಷಧಿಯ ವಿವರ ರಿಜಿಸ್ಟರ್‌ನಲ್ಲಿ ಬರೆದು 3 ವರ್ಷ ಇಟ್ಟಿರಬೇಕು. ಮಾತ್ರೆ ಹಾಳೆಯ ಮೇಲಿನ ಕೆಂಪು ಗೆರೆಯೂ 'ಚೀಟಿ ಇಲ್ಲದೆ ಬೇಡ' ಅನ್ನುವ ಗುರುತೇ. ಎಷ್ಟು ಜನ ನೋಡ್ತಾರೋ!

ನನಗೆ ಜಾಸ್ತಿ ಮುಖ್ಯ ಅನಿಸುವುದು 2019ರ ಕೊಲಿಸ್ಟಿನ್ ನಿಷೇಧ. ಬೇರೆ ಔಷಧಿಗಳು ಸೋತಾಗ ಐಸಿಯುನಲ್ಲಿ ಕೊಡುವ ಔಷಧಿ ಇದು. ಅದನ್ನೇ ಕೋಳಿಗಳು ಬೇಗ ಕೊಬ್ಬಲಿ ಎಂದು ಮೇವಿಗೆ ಬೆರೆಸುತ್ತಿದ್ದರು. ಈಗ ಆಹಾರಕ್ಕಾಗಿ ಸಾಕುವ ಪ್ರಾಣಿ, ಕೋಳಿ, ಮೀನಿಗೆ ಕೊಲಿಸ್ಟಿನ್ ಬಳಸುವಂತಿಲ್ಲ.