ಭೂತಾನ್ ಇಷ್ಟು ಚಿಕ್ಕ ದೇಶ, ಭಾರತಕ್ಕೆ ಅದು ಯಾಕೆ ಅಷ್ಟು ಮುಖ್ಯ?

ಮ್ಯಾಪ್‌ನಲ್ಲಿ ಪಶ್ಚಿಮ ಬಂಗಾಳದ ಸಿಲಿಗುರಿ ಹತ್ತಿರ ನೋಡಿ. ಈಶಾನ್ಯ ರಾಜ್ಯಗಳನ್ನು ಉಳಿದ ಭಾರತಕ್ಕೆ ಜೋಡಿಸುವ ನೆಲ ಅಲ್ಲಿ ಒಂದು ಕಡೆ ಬರೀ 20-22 ಕಿ.ಮೀ. ಅಗಲ. ಅದರ ಉತ್ತರಕ್ಕೇ ಡೋಕ್ಲಾಂ ಪ್ರಸ್ಥಭೂಮಿ. ಭೂತಾನ್ ತನ್ನದು ಅನ್ನುತ್ತದೆ, ಚೀನಾನೂ ತನ್ನದು ಅನ್ನುತ್ತದೆ. 2017ರಲ್ಲಿ ಚೀನಾ ಅಲ್ಲಿ ರಸ್ತೆ ಮಾಡಲು ಹೊರಟಾಗ ನಮ್ಮ ಸೈನಿಕರು 73 ದಿನ ಎದುರು ನಿಂತಿದ್ದು ಸುಮ್ನೆ ಅಲ್ಲ.

ವಿದೇಶಾಂಗ ವಿಷಯದಲ್ಲಿ ಭಾರತದ ಸಲಹೆಯಂತೆ ನಡೆಯುತ್ತೇನೆ ಎಂದು 1949ರ ಒಪ್ಪಂದದಲ್ಲಿ ಭೂತಾನ್ ಒಪ್ಪಿತ್ತು. 2007ರಲ್ಲಿ ಆ ಮಾತನ್ನು ಕೈಬಿಟ್ಟರು. ಅದರ ಬದಲು, ಒಬ್ಬರ ನೆಲವನ್ನು ಇನ್ನೊಬ್ಬರ ವಿರುದ್ಧ ಬಳಸಲು ಬಿಡಬಾರದು ಎಂದಾಯಿತು. ಭೂತಾನ್ ಇದನ್ನು ಮೊದಲೇ ಮಾಡಿ ತೋರಿಸಿತ್ತು ಅನ್ನಿ: 2003ರಲ್ಲಿ ತನ್ನ ಕಾಡಿನಲ್ಲಿದ್ದ, ಅಸ್ಸಾಂನ ಬಂಡುಕೋರ ಸಂಘಟನೆ ಉಲ್ಫಾದ ಕ್ಯಾಂಪ್‌ಗಳನ್ನು ತಾನೇ ಒಡೆದುಹಾಕಿತ್ತು.

ಭೂತಾನ್‌ನ ಜಲವಿದ್ಯುತ್ ಕೊಳ್ಳುವವರೂ ಹೆಚ್ಚಾಗಿ ನಾವೇ.